ಕೊಸರಿನ ರಾಯರು

ತಕ್ಕಡಿಯ ಮುಳ್ಳು ನಡುವೆ ನಿಂತೊಡನೆಯೇ ವ್ಯಾಪಾರ ಮುಗಿಯಿತೆಂದು ತಿಳಿದು, ಚೀಲದ ಬಾಯನ್ನು ಮುಚ್ಚಿ, ಹಣವನ್ನು ಎಣಿಸಿಕೊಟ್ಟು ಮನೆಯ ದಾರಿ ಹಿಡಿಯುವ ಜನರನ್ನು ಕಂಡರೆ ನಮ್ಮ ಬಡಾವಣೆಯ ರಾಯರಿಗೆ ಕೋಪವಿಲ್ಲ, ತಿರಸ್ಕಾರವೂ ಇಲ್ಲ. ಪಂಕ್ತಿಯಲ್ಲಿ ಕುಳಿತವರು ಮಜ್ಜಿಗೆ ಬರುವ ಮೊದಲೇ ಎದ್ದುಹೋದಾಗ ಮನೆಯ ಹಿರಿಯರಿಗೆ ಉಂಟಾಗುವಂಥ ಒಂದು ಮರುಕ ಮಾತ್ರ ಉಂಟು. ಅವರ ಮತದಲ್ಲಿ ತಕ್ಕಡಿ ಕೆಳಗಿಳಿಯುವುದು ವ್ಯಾಪಾರದ ಪೂರ್ವಾರ್ಧದ ಸಮಾಪ್ತಿ. ಉತ್ತರಾರ್ಧದಲ್ಲಿ ಬರುವುದು ಕೊಸರು. ತಂದೆತಾಯಿಗಳು ಯೋಚಿಸಿ ಇಟ್ಟ ದೇವರ ಹೆಸರೊಂದು ಅವರಿಗೆ ಇದ್ದರೂ, ಗಾಂಧಿಬಜಾರಿನ ಈ ತುದಿಯಿಂದ ಆ ತುದಿಯವರೆಗೆ ಅವರನ್ನು ಕೊಸರಿನ ರಾಯರೆಂದೇ ಕರೆಯುತ್ತಾರೆ. ಅದನ್ನು ಅವರು ಒಂದು ಬಿರುದೆಂಬಂತೆ ಧರಿಸಿಕೊಂಡಿದ್ದಾರೆ.

ಇದನ್ನು ಚೌಕಾಸಿಯೆಂದು ಎಣಿಸುವವರು ರಾಯರಿಗೆ ದೊಡ್ಡ ಅನ್ಯಾಯವನ್ನೇ ಮಾಡುತ್ತಾರೆ. ಚೌಕಾಸಿ ಮಾಡುವವನು ಎದುರಿಗಿರುವವನನ್ನು ಸುಳ್ಳುಗಾರನೆಂದು ಮನೆಯಲ್ಲಿಯೇ ತೀರ್ಮಾನಿಸಿಕೊಂಡು ಹೊರಟಿರುತ್ತಾನೆ. ರಾಯರಾದರೋ ಹೇಳಿದ ಬೆಲೆಯನ್ನು ಅಲ್ಲಗಳೆದವರಲ್ಲ. ಪೂರ್ತಿ ಹಣವನ್ನು ಮೊದಲೇ ಕೊಟ್ಟುಬಿಡುತ್ತಾರೆ. ಕೊಟ್ಟಾದಮೇಲೆ ಚೀಲದ ಬಾಯನ್ನು ತೆರೆದೇ ಹಿಡಿದುಕೊಂಡು, ಮುಖದಲ್ಲಿ ಒಂದು ಪ್ರಶಾಂತವಾದ ನಿರೀಕ್ಷೆಯನ್ನು ತಂದುಕೊಂಡು, ಏನೂ ಮಾತನಾಡದೆ ನಿಲ್ಲುತ್ತಾರೆ. ತರಕಾರಿಯವನು ಬೇರೆ ಗಿರಾಕಿಯ ಕಡೆ ತಿರುಗುತ್ತಾನೆ, ಮತ್ತೆ ಇತ್ತ ನೋಡುತ್ತಾನೆ. ಚೀಲದ ಬಾಯಿ ಹಾಗೆಯೇ ತೆರೆದಿರುತ್ತದೆ. ಕೊನೆಗೆ ಒಂದು ಹಿಡಿ ಕರಿಬೇವು, ನಾಲ್ಕು ಹಸಿಮೆಣಸಿನಕಾಯಿ, ಅದೃಷ್ಟವಿದ್ದ ದಿನ ಒಂದು ನಿಂಬೆಹಣ್ಣು ಅದರೊಳಕ್ಕೆ ಬಿದ್ದಮೇಲೆ ರಾಯರು "ದೇವರು ನಿನ್ನನ್ನು ಚೆನ್ನಾಗಿಟ್ಟಿರಲಪ್ಪ" ಎಂದು ಹರಸಿ ಮುಂದಕ್ಕೆ ನಡೆಯುತ್ತಾರೆ. ಆ ಹರಕೆ ಅಂಗಡಿಯವನಿಗೆ ಅವರು ಕೊಡುವ ಕೊಸರು.

ಈ ಮೌನಕ್ಕೆ ಮುಂಚೆ ಒಂದು ಪೀಠಿಕಾಪ್ರಕರಣ ನಡೆದಿರುತ್ತದೆಂಬುದನ್ನು ಬಲ್ಲವರು ಮಾತ್ರ ಬಲ್ಲರು. ಹೊಸ ಅಂಗಡಿಗೆ ಕಾಲಿಟ್ಟೊಡನೆ ರಾಯರು ಪದಾರ್ಥವನ್ನು ನೋಡುವುದಿಲ್ಲ, ಮಾರುವವರ ಮುಖವನ್ನು ನೋಡುತ್ತಾರೆ. "ಯಾವೂರಪ್ಪ ನಿಮ್ದು?" ಎಂಬುದು ಮೊದಲ ಪ್ರಶ್ನೆ. ಉತ್ತರ ಏನೇ ಬರಲಿ, ಆ ಊರಿನಲ್ಲಿ ರಾಯರಿಗೆ ಒಂದು ಕೆರೆಯ ಏರಿಯೋ, ಒಂದು ಜಾತ್ರೆಯೋ, ಒಬ್ಬ ಷಡ್ಡಕನೋ ಪರಿಚಿತನಾಗಿರದೆ ಇರುವುದಿಲ್ಲ. ಐದು ನಿಮಿಷದೊಳಗೆ ಗಿರಾಕಿಗೂ ಅಂಗಡಿಗೂ ಇರುವ ಸಂಬಂಧ ಮರೆಯಾಗಿ, ಹೆಚ್ಚುಕಡಮೆ ಬೀಗಸ್ತನವೇ ಏರ್ಪಡುತ್ತದೆ. ಬೀಗರಿಗೆ ನಾಲ್ಕು ಮೆಣಸಿನಕಾಯಿ ಕೊಡಲಾರೆನೆಂದು ಯಾವ ಮನುಷ್ಯನು ತಾನೇ ಹೇಳಿಯಾನು?

ಹೂವನ್ನು ಕೊಳ್ಳುವಾಗ ರಾಯರ ಯುಕ್ತಿ ಬೇರೆ. ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಬಂದು ಸೇರು, ಪಾವು, ಚಟಾಕುಗಳನ್ನೆಲ್ಲ ಅಂಗಡಿಗಳಿಂದ ಹೊರಗಟ್ಟಿದರೂ ಹೂವಾಡಗಿತ್ತಿಯ ಮೊಳವನ್ನು ಅಲುಗಿಸಲಾರದೆ ಹೋಯಿತಷ್ಟೆ. ಮೊಣಕೈಯಿಂದ ಬೆರಳ ತುದಿಯವರೆಗಿನ ಆ ಅಳತೆಯಲ್ಲಿ ರಾಯರಿಗೆ ಅಪಾರವಾದ ಗೌರವ. ಆದಕಾರಣ ಸಾಲಿನಲ್ಲಿ ಕುಳಿತಿರುವ ಎಲ್ಲ ಹೆಂಗಸರನ್ನೂ ದೂರದಿಂದಲೇ ಅವಲೋಕಿಸಿ, ಅವರೊಳಗೆ ಅತ್ಯಂತ ಉದ್ದವಾದ ಕೈಯುಳ್ಳವಳಲ್ಲಿಗೆ ಹೋಗುತ್ತಾರೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆದಾಗ ರುಚಿ ನೋಡುತ್ತ ನೋಡುತ್ತ ಬೀದಿಯ ಒಂದು ತುದಿಯಿಂದ ಹೊರಟವರು ಇನ್ನೊಂದು ತುದಿಯನ್ನು ಮುಟ್ಟುವ ಹೊತ್ತಿಗೆ ಕೊಳ್ಳುವ ಹಸಿವೇ ಉಳಿದಿರುವುದಿಲ್ಲ. ಆದರೂ ಧರ್ಮಕ್ಕೆಂದು ಒಂದು ಸೇರು ಕೊಂಡು, ಅದರ ಮೇಲೆ ಒಂದು ಬೊಗಸೆ ಹಾಕಿಸಿಕೊಂಡೇ ಮನೆಗೆ ಬರುವರು. ಪಾನಿಪೂರಿಯವರಲ್ಲಿ ಮಾತ್ರ ಅವರಿಗೆ ಯಾವ ಪ್ರಯಾಸವೂ ಇಲ್ಲ. ಎಲ್ಲ ಮುಗಿದಮೇಲೆ ನೀರಿಲ್ಲದ ಒಂದು ಪೂರಿಯನ್ನು ಕೇಳದೆಯೇ ಕೊಡುವ ಆ ಸಂಪ್ರದಾಯವನ್ನು ಕಂಡು, ಉತ್ತರದಿಂದ ನಮ್ಮಲ್ಲಿಗೆ ಬಂದ ನಾಗರಿಕತೆಯಲ್ಲಿ ಇದೊಂದು ಅಂಶ ನಿಷ್ಕಳಂಕವಾದದ್ದೆಂದು ಅವರು ಹೇಳುವುದುಂಟು.

ತಿನ್ನುವ ಪದಾರ್ಥಗಳಿಗೆ ಮಾತ್ರವೇ ಈ ವ್ರತ ಸೀಮಿತವೆಂದು ತಿಳಿಯಬಾರದು. ಕ್ಷೌರಿಕನು ಕೊನೆಯಲ್ಲಿ ಕತ್ತನ್ನು ಒಂದಿಷ್ಟು ನೀವಬೇಕು. ದರ್ಜಿಯು ಷರಾಯಿಯ ಬಟ್ಟೆಯಲ್ಲಿ ಉಳಿದದ್ದರಿಂದ ಒಂದು ಕೈಚೀಲ ಹೊಲಿಯಬೇಕು. ಕಿರಾಣಿಯವನು ಹೊಸ ವರ್ಷದ ಕ್ಯಾಲೆಂಡರನ್ನು, ಅದರಲ್ಲಿಯೂ ಏಕಾದಶಿ ಸಂಕಷ್ಟಿಗಳು ಸ್ಪಷ್ಟವಾಗಿರುವುದನ್ನು, ತೆಗೆದಿಟ್ಟಿರಬೇಕು. ಕೆಮ್ಮಿಗೆಂದು ಡಾಕ್ಟರಲ್ಲಿಗೆ ಹೋದ ರಾಯರು ಫೀಸು ತೆತ್ತು ಬಾಗಿಲವರೆಗೆ ನಡೆದು, ಏನೋ ನೆನಪಾದವರಂತೆ ಹಿಂದಿರುಗಿ, "ಹಾಗೇ ಈ ಮಂಡಿಯನ್ನೂ ಒಂದು ಸಲ ಮುಟ್ಟಿ ನೋಡಿಬಿಡಿ ಡಾಕ್ಟ್ರೇ" ಎನ್ನುತ್ತಾರೆ. ಅವರ ಮಂಡಿಗೆ ಇದುವರೆಗೆ ಆಗಿರುವ ಚಿಕಿತ್ಸೆಯೆಲ್ಲವೂ ಕೆಮ್ಮಿನ ಕೊಸರು. ಬಿಸ್ಕತ್ತಿನ ಪೊಟ್ಟಣದ ಮೇಲೆ ಇಷ್ಟು ಪ್ರತಿಶತ ಹೆಚ್ಚು ಎಂದು ಅಚ್ಚು ಹಾಕಿರುವುದನ್ನು ಮಾತ್ರ ಅವರು ಕಣ್ಣೆತ್ತಿ ನೋಡುವುದಿಲ್ಲ. "ಊರಿಗೆಲ್ಲ ಕೊಟ್ಟದ್ದು ಪಡಿ, ಕೊಸರಲ್ಲ. ನನ್ನ ಮುಖ ನೋಡಿ ಕೊಟ್ಟರೆ ಕೊಸರು" ಎಂದು ಅವರ ವಾದ.

ಇಷ್ಟನ್ನು ಕೇಳಿದವರು ರಾಯರನ್ನು ಜಿಪುಣರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ನೆರೆಮನೆಯಿಂದ ತಲೆಸವರಿ ಅಳೆದು ತಂದ ಒಂದು ಬಟ್ಟಲು ಸಕ್ಕರೆಯನ್ನು ಗೋಪುರವಾಗಿ ಹಿಂದಿರುಗಿಸುವ ಮನೆ ನಮ್ಮ ಬೀದಿಯಲ್ಲಿ ಅವರದೊಂದೇ ಎಂಬುದಕ್ಕೆ ನಾನು ಸಾಕ್ಷಿ. ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಚಿತ್ರ ಅಪೂರ್ಣವಾದೀತು. ರಾಯರು ತಮ್ಮ ಉದ್ಯೋಗಾವಧಿಯನ್ನೆಲ್ಲ ಕಳೆದದ್ದು ತೂಕ ಮತ್ತು ಅಳತೆಯ ಇಲಾಖೆಯಲ್ಲಿ! ಈಗ ಅದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯೆಂಬ ಗಂಭೀರವಾದ ಹೆಸರು ಬಂದಿದೆ. ಸಂತೆಯಿಂದ ಸಂತೆಗೆ ಅಲೆದು, ಬಟ್ಟುಗಳನ್ನು ತೂಗಿ, ಸವೆದುಹೋದವಕ್ಕೆ ಸೀಸವನ್ನು ತುಂಬಿಸಿ, ಸರಿಯಾದವಕ್ಕೆ ಎರಡು ವರ್ಷಕ್ಕೊಮ್ಮೆ ಮುದ್ರೆಯೊತ್ತಿ, ಕಲ್ಲನ್ನೋ ಕಬ್ಬಿಣದ ತುಂಡನ್ನೋ ಬಟ್ಟೆಂದು ಇಟ್ಟುಕೊಂಡವರಿಗೆ ದಂಡ ವಿಧಿಸಿ, ಮೂರು ದಶಕಗಳಿಗೂ ಮೀರಿ ಅವರು ನಾಡಿನ ತಕ್ಕಡಿಗಳನ್ನು ಕಾಯ್ದರು. ಆ ಕಾಲದಲ್ಲಿ ಅವರು ಯಾವ ಅಂಗಡಿಯಿಂದಲೂ ಒಂದು ಎಸಳು ಕೊತ್ತಂಬರಿಯನ್ನು ಹೆಚ್ಚಾಗಿ ತೆಗೆದುಕೊಂಡವರಲ್ಲ. ಅಧಿಕಾರದಲ್ಲಿರುವವನು ತೆಗೆದುಕೊಂಡರೆ ಅದಕ್ಕೆ ಬೇರೆ ಹೆಸರು ಉಂಟೆಂಬುದನ್ನು ಅವರು ಬಲ್ಲವರಾಗಿದ್ದರು. ನಿವೃತ್ತಿಯ ಹಾರವನ್ನು ಹಾಕಿಸಿಕೊಂಡ ಮರುದಿನ ಬೆಳಗ್ಗೆ ಚೀಲ ಹಿಡಿದು ಮಾರುಕಟ್ಟೆಗೆ ಹೋದವರು, ಪ್ರಾಯವೆಲ್ಲ ತಡೆದಿಟ್ಟುಕೊಂಡ ಒಂದು ಮನುಷ್ಯಸಹಜವಾದ ಆಸೆಯನ್ನು ಅಂದಿನಿಂದ ಬಡ್ಡಿಸಮೇತ ತೀರಿಸಿಕೊಳ್ಳುತ್ತಿದ್ದಾರೆ.

ಇಂಥವರನ್ನು ಅವರ ಮೊಮ್ಮಗಳು ಒಂದು ಭಾನುವಾರ ಸಾಯಂಕಾಲ ಮಾಲಿನಲ್ಲಿರುವ ಐಸ್‌ಕ್ರೀಮ್ ಅಂಗಡಿಗೆ ಕರೆದೊಯ್ದಳು. ಜೊತೆಗೆ ನಾನೂ ಹೋದೆ. ಹುಡುಗಿ ಹೆಬ್ಬಾಳದ ಡೈರಿ ವಿಜ್ಞಾನ ಕಾಲೇಜಿನಲ್ಲಿ ಓದುತ್ತಿರುವವಳು. ಹಾಲಿನ ಮೇಲೆ ಅಧಿಕಾರವಾಣಿಯಿಂದ ಮಾತನಾಡುವವಳು. ಆ ಅಂಗಡಿಯಲ್ಲಿ ಬಡಿಸುವವರಿಲ್ಲ. ಆಳೆತ್ತರದ ಒಂದು ಗಾಜಿನ ಕೋಣೆ, ಅದರೊಳಗೆ ಮಣಿಕಟ್ಟು ಮೊಣಕೈಗಳುಳ್ಳ ಬಿಳಿಯ ಯಂತ್ರಬಾಹು, ಹೊರಗೆ ಬೆರಳಿನಿಂದ ಒತ್ತುವ ಪರದೆ, ಕೆಳಗೆ ಕಪ್ಪು ಹೊರಬರುವ ಒಂದು ಕಿಂಡಿ. ಬದಿಯಲ್ಲಿ, ಟೋಪಿ ಧರಿಸಿದ ಒಬ್ಬ ಹೆಣ್ಣುಮಗಳು ಕೈಯಲ್ಲಿ ಒರೆಸುವ ಬಟ್ಟೆಯನ್ನು ಹಿಡಿದು ನಿಂತಿದ್ದಳು.

ರಾಯರು ಅಭ್ಯಾಸದಂತೆ ಮುಖವನ್ನು ಹುಡುಕಿದರು. ಪರದೆಯ ಮೇಲೆ ಎರಡು ವೃತ್ತಾಕಾರದ ಕಣ್ಣುಗಳೂ ಒಂದು ನಗುವೂ ಬರೆದಿದ್ದವು. ಅದನ್ನು ಮುಖವೆಂದು ಒಪ್ಪಲು ಅವರು ಸಿದ್ಧರಿರಲಿಲ್ಲ. ಸುತ್ತ ಒಂದು ಪ್ರದಕ್ಷಿಣೆ ಬಂದು, ಹಿಂಬದಿಯ ತಗಡಿನ ಮೇಲಿನ ಅಕ್ಷರಗಳನ್ನು ಕನ್ನಡಕವೆತ್ತಿ ಓದಿದರು. ಚೀನಾ ದೇಶದ ಯಾವುದೋ ಪಟ್ಟಣ. ಅಲ್ಲಿ ಅವರಿಗೆ ಕೆರೆಯ ಏರಿಯೂ ಇಲ್ಲ, ಷಡ್ಡಕನೂ ಇಲ್ಲ. ಪೀಠಿಕಾಪ್ರಕರಣ ಅಲ್ಲಿಗೇ ನಿಂತಿತು.

ಪರದೆಯನ್ನು ಒತ್ತಿದರೆ ಅದು ಅವರ ಬೆರಳನ್ನು ಗುರುತಿಸಲಿಲ್ಲ. ವಯಸ್ಸಾದವರ ಒಣಗಿದ ಬೆರಳಿಗೆ ಇಂತಹ ಪರದೆಗಳು ಸುಲಭವಾಗಿ ಓಗೊಡುವುದಿಲ್ಲ. ಜೇಬಿನಿಂದ ನೋಟು ತೆಗೆದರೆ ಅದನ್ನು ಸ್ವೀಕರಿಸುವ ಬಾಯಿಯೇ ಯಂತ್ರಕ್ಕೆ ಇರಲಿಲ್ಲ. ಮೊಮ್ಮಗಳು ಮುಂದೆ ಬಂದು ಮಾವಿನ ಸಾಫ್ಟಿ ಮೂರು ಕಪ್ಪೆಂದು ಒತ್ತಿ, ಫೋನನ್ನು ಕ್ಯೂಆರ್ ಚೌಕಕ್ಕೆ ತೋರಿಸಿ ಹಣ ಸಲ್ಲಿಸಿದಳು. ಬಾಹುವು ಎಚ್ಚೆತ್ತಿತು. ಒಂದು ಕಾಗದದ ಕಪ್ಪನ್ನು ಮೃದುವಾಗಿ ಹಿಡಿದು, ಕೊಳವೆಯ ಕೆಳಗೆ ಒಯ್ದು, ಸುರುಳಿಸುರುಳಿಯಾಗಿ ಇಳಿದ ಕೆನೆಗೆ ತಕ್ಕಂತೆ ಕಪ್ಪನ್ನು ತಿರುಗಿಸಿ, ಒಂದು ಕ್ಷಣವೂ ಹೆಚ್ಚಿಲ್ಲದೆ ಕಡಮೆಯಿಲ್ಲದೆ ನಿಂತು, ಕಿಂಡಿಯಲ್ಲಿ ತಂದಿರಿಸಿತು. ಎರಡನೆಯದನ್ನೂ ಹಾಗೆಯೇ ತಂದಿರಿಸಿತು.

ಮೂರನೆಯದು ಬರುವುದರೊಳಗೆ ರಾಯರು ಮೊದಲ ಎರಡು ಕಪ್ಪುಗಳನ್ನು ಎರಡು ಅಂಗೈಗಳ ಮೇಲೆ ಇರಿಸಿಕೊಂಡು ಕಣ್ಣು ಮುಚ್ಚಿದರು. ಆ ಅಂಗೈಗಳು ಇಲಾಖೆಯಲ್ಲಿ ಹೆಸರು ಪಡೆದಿದ್ದವು. ಮುದ್ರೆಯಿಲ್ಲದ ಬಟ್ಟನ್ನು ಮುಟ್ಟಿದೊಡನೆ ಕೊರತೆಯನ್ನು ಹೇಳುತ್ತಿದ್ದವಂತೆ. "ಸಮ" ಎಂದರು. ಮೂರನೆಯದನ್ನು ಒಂದರ ಬದಲಿಗೆ ಇರಿಸಿಕೊಂಡು "ಇದೂ ಸಮ!" ಎಂದರು. ಅವರ ಮುಖದಲ್ಲಿ ಅಂತಹ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ. ಯಾವ ಅಂಗಡಿಯವನೂ ಯಾವ ಕಾಲದಲ್ಲಿಯೂ ಮಾಡಿತೋರಿಸದ ನ್ಯಾಯವನ್ನು, ಬೆಂಗಳೂರಿನ ಒಂದು ಮಾಲಿನ ಮೂರನೆಯ ಅಂತಸ್ತಿನಲ್ಲಿ, ಇನ್‌ಸ್ಪೆಕ್ಟರರ ಭಯವಿಲ್ಲದೆ, ಲಾಭದ ಆಸೆಯಿಲ್ಲದೆ, ಮುಖ ನೋಡದೆ ಮಣೆ ಹಾಕದೆ ಒಂದು ಕಬ್ಬಿಣದ ಕೈ ನಡೆಸಿಕೊಂಡು ಹೋಗುತ್ತಿತ್ತು. ಉದ್ಯೋಗವೆಲ್ಲ ಸಾರ್ಥಕವಾಯಿತೆಂಬ ಭಾವದಿಂದ ಅವರು ಯಂತ್ರದ ಕಡೆಗೆ ತಲೆಬಾಗಿದರು.

ಅನಂತರ ಕಪ್ಪನ್ನು ಕಿಂಡಿಯ ಮುಂದೆ ಚಾಚಿ ಹಿಡಿದು ಮೌನವಾಗಿ ನಿಂತರು.

ಯಂತ್ರವೂ ಮೌನವಾಗಿಯೇ ನಿಂತಿತು. ರಾಯರ ಮೌನಕ್ಕೆ ಕರಗದ ವ್ಯಾಪಾರಿಯನ್ನು ನಾನು ನೋಡಿದ್ದು ಅದೇ ಮೊದಲು. ಹಿಂದೆ ಸಾಲಿನಲ್ಲಿದ್ದ ಯುವಕರು ಕೆಮ್ಮಿದರು. ಟೋಪಿಯ ಹುಡುಗಿ ಹತ್ತಿರ ಬಂದಳು.

"ಆಯ್ತು ಸರ್, ಅಷ್ಟೇ ಬರೋದು."

"ಗೊತ್ತಮ್ಮ. ತೂಕ ಸರಿಯಾಗಿದೆ, ನಾನೇ ನೋಡಿದೆ. ಇನ್ನು ಸ್ವಲ್ಪ ಮೇಲಕ್ಕೆ ಹಾಕೋಕೆ ಹೇಳು."

"ಅದು ಸೆಟ್ಟಿಂಗ್ ಸರ್. ನಾವು ಮುಟ್ಟೋ ಹಾಗಿಲ್ಲ."

"ಹಾಗಾದರೆ ಯಾರನ್ನು ಕೇಳಬೇಕು?"

ಆ ಹುಡುಗಿ ಪಾಪ ಯೋಚಿಸಿದಳು. ಯಂತ್ರವನ್ನು ಇಟ್ಟವರು ಒಬ್ಬರು, ಅಂಗಡಿಯ ಬಾಡಿಗೆ ಕಟ್ಟುವವರು ಒಬ್ಬರು, ದೂರದಲ್ಲೆಲ್ಲೋ ಕುಳಿತು ಕಂಪ್ಯೂಟರಿನಲ್ಲಿ ಅಳತೆ ನಿಗದಿಮಾಡಿದವರು ಮತ್ತೊಬ್ಬರು. ಒಂದು ಚಮಚ ಕೆನೆಯನ್ನು ಹೆಚ್ಚಿಗೆ ಕೊಡುವ ಅಧಿಕಾರ ಯಾರ ಕೈಯಲ್ಲಿಯೂ ಇರಲಿಲ್ಲ.

ಇಲ್ಲಿ ಮೊಮ್ಮಗಳು ತನ್ನ ಶಾಸ್ತ್ರಜ್ಞಾನವನ್ನು ಹೊರತೆಗೆದಳು. "ತಾತ, ನಿಮಗೆ ಕೊಸರು ಆಗಲೇ ಬಂದಿದೆ. ಒಳಗೆ ಸಿಲಿಂಡರಿನಲ್ಲಿ ಮಿಶ್ರಣ ತಿರುಗ್ತಾ ಹೆಪ್ಪುಗಟ್ಟೋವಾಗ ಅದಕ್ಕೆ ಗಾಳಿ ಸೇರಿಸ್ತಾರೆ. ಗಾಳಿ ಇಲ್ಲದಿದ್ದರೆ ಅದು ಕಲ್ಲು. ನೀವು ಪೆಟ್ಟಿಗೇಲಿ ತರ್ತೀರಲ್ಲ, ಆ ಐಸ್‌ಕ್ರೀಮಿಗೂ ಅಷ್ಟೇ. ಒಂದು ಲೀಟರು 525 ಗ್ರಾಮಿಗೆ ಕಡಿಮೆ ತೂಗಬಾರದು ಅಂತ ಕಾನೂನೇ ಇದೆ. ಅಂದರೆ ಹೆಚ್ಚುಕಮ್ಮಿ ಅರ್ಧ ಗಾಳಿ ಇರಬಹುದು ಅಂತ ತಾನೇ?"

ಲೀಟರಿನ ಲೆಕ್ಕದಲ್ಲಿ ಗಾಳಿಯನ್ನು ಮಾರಬಹುದೆಂಬ ಸಂಗತಿ ಇಲಾಖೆಯ ಹಳೆಯ ಸೇವಕರನ್ನು ಒಂದು ನಿಮಿಷ ನಿಶ್ಚೇಷ್ಟಿತರನ್ನಾಗಿ ಮಾಡಿತು. ಆಮೇಲೆ ಅವರು, "ಕೊಸರು ಕೊಟ್ಟವರನ್ನು ಕಂಡಿದ್ದೇನೆ, ಕೊಡದವರನ್ನೂ ಕಂಡಿದ್ದೇನೆ. ಗಾಳಿಯನ್ನು ಕೊಸರು ಅಂತ ಕೊಟ್ಟವರನ್ನು ಇವತ್ತೇ ಕಂಡದ್ದು" ಎಂದರು.

ನಾನು ಸಮಾಧಾನ ಹೇಳುವ ಉದ್ದೇಶದಿಂದ, ಯಂತ್ರಕುಲದ ಸ್ವಭಾವವೇ ಇಂತಹದೆಂದೂ ಇದು ಇಂದು ನಿನ್ನೆಯದಲ್ಲವೆಂದೂ ಹೇಳಿದೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿಯೇ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಪಂಡಿತನು ದೇವಾಲಯದಲ್ಲಿ ತೀರ್ಥವನ್ನು ಕೊಡುವ ಒಂದು ಪೆಟ್ಟಿಗೆಯನ್ನು ವರ್ಣಿಸಿದ್ದಾನೆ: ಮೇಲಿನ ಸೀಳಿನಲ್ಲಿ ಹಾಕಿದ ನಾಣ್ಯವು ಒಳಗಿನ ಸನ್ನೆಗೋಲಿನ ತಟ್ಟೆಯ ಮೇಲೆ ಬಿದ್ದು, ಅದರ ಭಾರಕ್ಕೆ ತಟ್ಟೆ ಬಾಗಿ, ಅತ್ತ ಕಡೆಯ ಮುಚ್ಚಳ ಮೇಲೆದ್ದು ನೀರು ಹರಿಯುವುದು, ಬಾಗಿದ ತಟ್ಟೆಯಿಂದ ನಾಣ್ಯ ಜಾರಿದೊಡನೆಯೇ ಮುಚ್ಚಿಕೊಳ್ಳುವುದು. ಮೂರು ಸಲ ಅಂಗೈಯೊಡ್ಡಿ ತೀರ್ಥ ತೆಗೆದುಕೊಂಡು, ಮನೆಯವರಿಗೆಂದು ನಾಲ್ಕನೆಯ ಸಲವೂ ಒಡ್ಡುವ ರಾಯರಿಗೆ ಈ ವೃತ್ತಾಂತದಿಂದ ಕಿಂಚಿತ್ತೂ ಸಮಾಧಾನವಾಗಲಿಲ್ಲ.

"ಯಂತ್ರಕ್ಕೆ ಕೊಸರು ಕೊಡಲು ಬರೋದಿಲ್ಲ ಅಂತ ಯಾರು ಹೇಳಿದ್ದು? ರೈಲ್ವೇ ಸ್ಟೇಷನ್ನಿನಲ್ಲಿ ತೂಕದ ಯಂತ್ರ ಇರಲಿಲ್ಲವೆ? ಕಾಸು ಹಾಕಿದರೆ ದೀಪ ಮಿನುಗಿ, ಚಕ್ರ ತಿರುಗಿ, ಠಕ್ ಅಂತ ಒಂದು ಟಿಕೆಟ್ಟು ಬೀಳೋದು. ಅದರಲ್ಲಿ ತೂಕ ಇರೋದು, ಸರಿ. ಹಿಂದುಗಡೆ ಭವಿಷ್ಯ ಯಾತಕ್ಕೆ ಇರೋದು? ನಾವೇನು ಭವಿಷ್ಯಕ್ಕೆ ದುಡ್ಡು ಕೊಟ್ಟಿದ್ದೆವಾ?"

ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಮೊಮ್ಮಗಳಲ್ಲಿಯೂ ಇರಲಿಲ್ಲ. ತೂಕ ತೋರಿಸುವುದು ಅದರ ಧರ್ಮ, ಶುಭವನ್ನು ನುಡಿಯುವುದು ಅದರ ದಾಕ್ಷಿಣ್ಯ. ಆ ಪೀಳಿಗೆಯ ಯಂತ್ರಗಳನ್ನು ಕಟ್ಟಿದವರಿಗೆ ಪ್ಲಾಟ್‌ಫಾರಮ್ಮಿನಲ್ಲಿ ಕಾದು ಬೇಸತ್ತವನ ಮನಸ್ಸು ತಿಳಿದಿದ್ದಿರಬೇಕು. ಆ ಯಂತ್ರಗಳು ತೋರಿಸಿದ ತೂಕ ಹಲವು ವೇಳೆ ತಪ್ಪಿರುತ್ತಿತ್ತೆಂಬುದನ್ನು ರಾಯರು ಸ್ವತಃ ಬಲ್ಲರು. ಆದರೂ ಅವುಗಳ ವಿಷಯದಲ್ಲಿ ಅವರ ಅಂತಃಕರಣ ಮೃದುವಾಗಿಯೇ ಇದೆ.

ಅಷ್ಟರಲ್ಲಿ ಅವರ ದೃಷ್ಟಿ ಗಾಜಿನೊಳಗೆ ಒಂದೆಡೆ ನೆಟ್ಟಿತು. ಹಿಂದಿನ ಯುವಕನ ಕಪ್ಪು ತುಂಬಿ ಬಾಹು ಅತ್ತ ಸರಿದೊಡನೆ, ಕೊಳವೆಯ ತುದಿಯಲ್ಲಿ ಉಳಿದಿದ್ದ ಬೆರಳುದ್ದದ ಒಂದು ಎಳೆ ಮೆಲ್ಲನೆ ಬಾಗಿ, ಕೆಳಗಿನ ಉಕ್ಕಿನ ತಟ್ಟೆಗೆ ಬಿತ್ತು. ಮುಂದಿನ ಕಪ್ಪಿಗೂ ಹಾಗೆಯೇ ಆಯಿತು.

"ಅಯ್ಯೋ! ನೋಡಮ್ಮ, ಹಾಕ್ತಾ ಇದೆ! ಕೊಸರು ಹಾಕ್ತಾನೇ ಇದೆ, ಆದರೆ ತಟ್ಟೆಗೆ ಹಾಕ್ತಾ ಇದೆ! ಆಗ ಬಿದ್ದದ್ದು ನನ್ನದು!"

"ಅದು ವೇಸ್ಟು ತಾತ. ರಾತ್ರಿ ತೊಳೆದುಬಿಡ್ತೀವಿ" ಎಂದಳು ಹುಡುಗಿ. ಸರ್ ಎಂಬುದು ಹೋಗಿ ತಾತ ಎಂದಾದದ್ದನ್ನು ರಾಯರ ಕಿವಿ ತಪ್ಪದೆ ಹಿಡಿಯಿತು. ಅವರು ಯಂತ್ರಕ್ಕೆ ಬೆನ್ನು ತಿರುಗಿಸಿದರು.

"ಯಾವೂರಮ್ಮ ನಿಮ್ದು?"

"ಹೊಳೆನರಸೀಪುರದ ಹತ್ರ ತಾತ."

ಅಲ್ಲಿಂದ ಮುಂದಿನದನ್ನು ವಿವರಿಸಬೇಕಾಗಿಲ್ಲ. ಹೊಳೆನರಸೀಪುರದ ಸಂತೆಯಲ್ಲಿ ರಾಯರು ತಕ್ಕಡಿಗಳನ್ನು ತಪಾಸಣೆ ಮಾಡಿದ್ದರು, ಹೇಮಾವತಿಯಲ್ಲಿ ಮಿಂದಿದ್ದರು, ಅವಳ ಊರಿನ ಬೆಲ್ಲದ ಗಾಣವೊಂದರಲ್ಲಿ ಬಿಸಿಬೆಲ್ಲವನ್ನು ಮಾತ್ರ, ಅಧಿಕಾರದಲ್ಲಿದ್ದ ಕಾರಣ, ಬೇಡವೆಂದಿದ್ದರು. ಅದನ್ನು ನೆನೆದು ಈಗಲೂ ನಿಟ್ಟುಸಿರಿಟ್ಟರು. ಹುಡುಗಿ ನಕ್ಕಳು, ಬೆಲ್ಲ ಈಗಲೂ ಹಾಗೇ ಇರುವುದೆಂದಳು, ಇಲ್ಲಿ ನಾಲ್ವರು ಸೇರಿ ಒಂದು ಕೋಣೆ ಮಾಡಿರುವೆವೆಂದೂ, ದಿನವೆಲ್ಲ ಈ ಗಾಜನ್ನು ಒರೆಸುವುದರಲ್ಲಿ ಯಾರೊಡನೆಯೂ ಮಾತೇ ಇಲ್ಲವೆಂದೂ ಹೇಳಿದಳು. ರಾಯರು ಎಲ್ಲವನ್ನೂ ಕೇಳಿದರು. ಕೇಳುತ್ತಿದ್ದಂತೆಯೇ, ಅವರಿಗೆ ಅರಿವಿಲ್ಲದೆಯೋ ಅರಿವಿದ್ದೋ, ಕೈಯಲ್ಲಿದ್ದ ಕಾಗದದ ಕರವಸ್ತ್ರ ಬಿಚ್ಚಿಕೊಂಡು ಅಂಗೈಯ ಮೇಲೆ ಹರಡಿತ್ತು.

ಹುಡುಗಿ ಅದನ್ನು ನೋಡಿದಳು. ಬೀರುವಿನ ಕೆಳಗಿನಿಂದ ಒಂದು ಡಬ್ಬವನ್ನು ತೆಗೆದಳು. "ಕೋನುಗಳು ಬರೋವಾಗಲೇ ಕೆಲವು ಮುರಿದಿರ್ತವೆ ತಾತ. ತುದಿ ಮುರಿದಿದ್ರೆ ಅದಕ್ಕೆ ಹಿಡಿಯೋಕೆ ಬರಲ್ಲ" ಎಂದು ಯಂತ್ರದ ಕಡೆ ಗಲ್ಲ ತೋರಿಸಿ, ಒಂದು ಹಿಡಿ ಚೂರುಗಳನ್ನು ಸುರಿದಳು. ಹಿಡಿ ಮುಗಿದಮೇಲೆ ಒಂದು ದೊಡ್ಡ ಚೂರನ್ನು ಆರಿಸಿ ಮೇಲಕ್ಕೆ ಇಟ್ಟಳು.

"ದೇವರು ನಿನ್ನನ್ನು ಚೆನ್ನಾಗಿಟ್ಟಿರಲಮ್ಮ."

ಹೊರಡುವ ಹೊತ್ತಿಗೆ ಪರದೆಯ ಮೇಲೆ ಐದು ನಕ್ಷತ್ರಗಳು ಮೂಡಿ, ಸೇವೆ ಹೇಗಿತ್ತೆಂದು ಕೇಳಿದವು. ಇದು ಆ ಹುಡುಗಿಯ ಲೆಕ್ಕಕ್ಕೆ ಹೋಗುತ್ತದೆಯೆಂದು ಮೊಮ್ಮಗಳಿಂದ ತಿಳಿದೊಡನೆ ರಾಯರು ಬೆರಳನ್ನು ಕರಗಿದ ಐಸ್‌ಕ್ರೀಮಿನಲ್ಲಿ ಅದ್ದಿ ಒರೆಸಿಕೊಂಡು (ಒದ್ದೆಬೆರಳನ್ನು ಪರದೆ ಗುರುತಿಸುವುದೆಂಬುದನ್ನು ಈ ವೇಳೆಗೆ ಕಂಡುಕೊಂಡಿದ್ದರು) ಒಂದೊಂದೇ ನಕ್ಷತ್ರವನ್ನು ಐದರವರೆಗೂ ಒತ್ತಿದರು. ಒತ್ತಿಯಾದಮೇಲೂ ಬೆರಳು ಹಿಂದೆ ಬರಲಿಲ್ಲ. ತಲೆಸವರಿದ ಅಳತೆಯನ್ನು ಹಿಂದಿರುಗಿಸಿ ಅವರಿಗೆ ಅಭ್ಯಾಸವಿಲ್ಲ. ಐದನೆಯದರ ಪಕ್ಕದ ಖಾಲಿ ಜಾಗದಲ್ಲಿ, ಅವಳಿಗೆಂದು, ಇನ್ನೊಮ್ಮೆ ಒತ್ತಿದರು.

ಅಷ್ಟರಲ್ಲಿ ನಕ್ಷತ್ರಗಳು ಮಾಯವಾಗಿ ಆ ಜಾಗಕ್ಕೆ ಚಾಕಲೇಟ್ ಕಪ್ಪಿನ ಚಿತ್ರ ಬಂದಿತ್ತು. ಯಂತ್ರವು ಹೊಸ ಬಿಲ್ಲನ್ನು ತೋರಿಸಿ, ಕ್ಯೂಆರ್ ಚೌಕವನ್ನು ಮುಂದಿಟ್ಟು, ಹಣಕ್ಕಾಗಿ ಕಾಯತೊಡಗಿತು. ಹುಡುಗಿ ರದ್ದುಮಾಡಲೆಂದು ಧಾವಿಸಿದಳು. ರಾಯರು ಕೈಯೆತ್ತಿ ತಡೆದರು.

"ಕಾಯಲಿ ಬಿಡಮ್ಮ," ಎಂದರು, ದೊಡ್ಡ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತ. "ಇಷ್ಟು ಹೊತ್ತು ನಾನು ಕಾಯಲಿಲ್ಲವೆ?"